ಸೇನೆಯ ನ್ಯಾಯಪೀಠದಲ್ಲಿ ಮತವಿಲ್ಲದ ಕುರ್ಚಿ

ದಿಲ್ಲಿಯ ಕೆಂಪುಕೋಟೆಯನ್ನು ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಲಾಹೋರಿ ಬಾಗಿಲಿನ ಒಳಗಿನ ಅಂಗಡಿಸಾಲು, ದಿವಾನ್-ಇ-ಆಮ್, ಅದರಾಚೆಯ ದಿವಾನ್-ಇ-ಖಾಸ್, ಅಲ್ಲಿನ ಅಮೃತಶಿಲೆಯ ಕಂಬಗಳು, ನವಿಲು ಸಿಂಹಾಸನವಿದ್ದ ಜಾಗ - ಇವನ್ನೆಲ್ಲ ಅವರು ಬಾಯಿತುಂಬ ವರ್ಣಿಸಬಲ್ಲರು. ಆದರೆ ಈ ಕೋಟೆಯೊಳಗೆ, ಸುಮಾರು 88 ವರ್ಷಗಳ ಅಂತರದಲ್ಲಿ, ಸೇನೆಯ ನ್ಯಾಯಪೀಠ ಎರಡು ಸಲ ಕೂತು ಈ ದೇಶದ ಚರಿತ್ರೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿತ್ತೆಂಬುದು ನೋಡುವವರ ನೆನಪಿಗೆ ಬರುವುದು ಅಪರೂಪ. ಮೊದಲನೆಯ ಸಲ ಆಪಾದಿತನಾಗಿ ನಿಂತವನು ಆ ಅರಮನೆಯ ಯಜಮಾನನೇ ಆಗಿದ್ದ ಮುದುಕ ಬಾದಶಹ. ಎರಡನೆಯ ಸಲ ನಿಂತವರು ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳು.

ಈ ಎರಡು ವಿಚಾರಣೆಗಳ ಕಥೆಯನ್ನು ರಾಜಕೀಯದ ದೃಷ್ಟಿಯಿಂದ ಬಹಳ ಮಂದಿ ಹೇಳಿದ್ದಾರೆ. ಇಲ್ಲಿ ಹೇಳಹೊರಟಿರುವುದು ಬೇರೊಂದು ಸಂಗತಿ. ಸೇನೆಯ ನ್ಯಾಯಪೀಠವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಮವಸ್ತ್ರ ತೊಟ್ಟು ಸಾಲಾಗಿ ಕುಳಿತ ಅಧಿಕಾರಿಗಳು, ಒಂದು ಕಡೆ ಸರಕಾರದ ವಕೀಲ, ಇನ್ನೊಂದು ಕಡೆ ಆಪಾದಿತನ ವಕೀಲ. ಇವರಲ್ಲದೆ ಅಲ್ಲಿ ಇನ್ನೊಂದು ಕುರ್ಚಿ ಇರುತ್ತದೆ. ಅದರಲ್ಲಿ ಕುಳಿತವನೂ ಸೇನೆಯ ಅಧಿಕಾರಿಯೇ. ಆತ ಕಾನೂನು ಬಲ್ಲವನು. ಪೀಠಕ್ಕೆ ಕಾನೂನನ್ನು ತಿಳಿಸಿಕೊಡುವುದು ಅವನ ಕೆಲಸ. ಆದರೆ ತೀರ್ಪು ಕೊಡುವಾಗ ಅವನಿಗೆ ಮತವಿಲ್ಲ. ಅವನ ಹೆಸರು ಜಡ್ಜ್ ಅಡ್ವೊಕೇಟ್. ಹೆಸರಿನಲ್ಲಿ ನ್ಯಾಯಾಧೀಶನೂ ಇದ್ದಾನೆ, ವಕೀಲನೂ ಇದ್ದಾನೆ. ಅಸಲಿಗೆ ಅವನು ಎರಡೂ ಅಲ್ಲ. ಈ ವಿಚಿತ್ರ ಕುರ್ಚಿಯ ಚರಿತ್ರೆಯೇ ಸೇನೆಯಲ್ಲಿ ನ್ಯಾಯ ಬೆಳೆದು ಬಂದ ಚರಿತ್ರೆ ಎಂದರೆ ತಪ್ಪಾಗಲಾರದು.

ಸೇನೆಗೆ ಬೇರೆ ಕಾನೂನು ಏಕೆ?

ಮೊದಲು ಒಂದು ಸಾಮಾನ್ಯ ಪ್ರಶ್ನೆ. ದೇಶಕ್ಕೆಲ್ಲ ಒಂದು ದಂಡಸಂಹಿತೆ ಇರುವಾಗ ಸೇನೆಗೆ ಪ್ರತ್ಯೇಕವಾದ ಕಾನೂನು ಏಕೆ ಬೇಕು?

ನಮ್ಮ ಕಚೇರಿಯ ಗುಮಾಸ್ತನೊಬ್ಬ ಹೇಳದೆ ಕೇಳದೆ ನಾಲ್ಕು ದಿನ ಮನೆಯಲ್ಲಿ ಕುಳಿತರೆ ಆ ದಿನಗಳ ಸಂಬಳ ಹೋದೀತು, ಹೆಚ್ಚೆಂದರೆ ಒಂದು ಮೆಮೊ ಬಂದೀತು. ಮೇಲಧಿಕಾರಿಯೊಡನೆ ಜಗಳವಾಡಿ ರಾಜೀನಾಮೆ ಬಿಸಾಕಿ ಬಂದರೂ ಅವನನ್ನು ಸೆರೆಮನೆಗೆ ಹಾಕುವವರಿಲ್ಲ. ಸಿಪಾಯಿಯ ವಿಷಯ ಹಾಗಲ್ಲ. ಅವನು ಕಾವಲಿನ ಜಾಗ ಬಿಟ್ಟು ಹೋದರೆ ಅಪರಾಧ, ಕಾವಲಿನಲ್ಲಿ ನಿದ್ದೆ ಹೋದರೆ ಅಪರಾಧ, ನ್ಯಾಯವಾದ ಆಜ್ಞೆಯನ್ನು ಮೀರಿದರೆ ಅಪರಾಧ. ಅವನೊಬ್ಬನ ನಿದ್ದೆಗೆ ನೂರು ಜನರ ಪ್ರಾಣ ಹೋಗಬಹುದು. ಸೇನೆ ಒಂದು ಊರಿನಲ್ಲಿ ನೆಲೆ ನಿಲ್ಲುವುದೂ ಇಲ್ಲ. ಇವತ್ತು ಇಲ್ಲಿ, ನಾಳೆ ಗಡಿಯಾಚೆ. ಊರಿನ ಮ್ಯಾಜಿಸ್ಟ್ರೇಟನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲಾಗುವುದಿಲ್ಲ. ಆದ್ದರಿಂದ ಕಾನೂನೂ ನ್ಯಾಯಪೀಠವೂ ದಂಡಿನೊಡನೆಯೇ ನಡೆಯಬೇಕು. ಇದು ಎಲ್ಲ ದೇಶಗಳೂ ಒಪ್ಪಿಕೊಂಡ ಮಾತು.

ಆದರೆ ಇದರಲ್ಲೇ ಒಂದು ಅಪಾಯವೂ ಇದೆ. ತಪ್ಪು ನಡೆಯಿತೆಂದು ಹೇಳುವವರು ಸೇನೆಯವರು. ಅದನ್ನು ವಿಚಾರಿಸಲು ಪೀಠವನ್ನು ಕರೆಯುವ ಸೇನಾಪತಿಯೂ ಸೇನೆಯವನು. ಪೀಠದಲ್ಲಿ ಕೂರುವವರೂ ಅವನ ಕೈಕೆಳಗಿನವರು. ತೀರ್ಪನ್ನು ಕಾಯಂ ಮಾಡುವ ಅಧಿಕಾರವೂ ಮೇಲಿನ ಸೇನಾಪತಿಯದೇ. ಫಿರ್ಯಾದಿ, ನ್ಯಾಯಾಧೀಶ, ದಂಡ ವಿಧಿಸುವವನು - ಮೂವರೂ ಒಂದೇ ಮನೆಯವರಾದರೆ ಆಪಾದಿತನ ಪಾಡೇನು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡವನೇ ಜಡ್ಜ್ ಅಡ್ವೊಕೇಟ್. ಹುಟ್ಟಿದಂದಿನಿಂದಲೂ ಅವನು ಈ ಉತ್ತರಕ್ಕೆ ತಕ್ಕವನಾಗಿದ್ದನೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು.

ದಿವಾನ್-ಇ-ಖಾಸಿನಲ್ಲಿ ಒಬ್ಬ ಮುದುಕ

1858ರ ಜನವರಿ 27. ದಿಲ್ಲಿ ಬ್ರಿಟಿಷರ ಕೈಗೆ ಮರಳಿ ನಾಲ್ಕು ತಿಂಗಳಾಗಿತ್ತು. ದಿವಾನ್-ಇ-ಖಾಸಿನಲ್ಲಿ ಐವರು ಇಂಗ್ಲಿಷ್ ಅಧಿಕಾರಿಗಳ ಸೇನಾ ಆಯೋಗ ಸೇರಿತು. ಅದರ ಅಧ್ಯಕ್ಷ ಲೆಫ್ಟಿನೆಂಟ್ ಕರ್ನಲ್ ಡಾಸ್. ಅದರ ಮುಂದೆ ತಂದು ಕೂರಿಸಿದ್ದು 82 ವರ್ಷದ ಬಹಾದೂರ್ ಷಾ ಜಫರನನ್ನು. ವಿಚಾರಣೆ ನಡೆಯುತ್ತಿದ್ದಾಗ ಅವನು ಎಷ್ಟೋ ಸಲ ತೂಕಡಿಸುತ್ತಿದ್ದನೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ತನ್ನ ಪೂರ್ವಿಕರು ರಾಯಭಾರಿಗಳಿಗೆ ದರ್ಶನ ಕೊಡುತ್ತಿದ್ದ ಸಭಾಂಗಣದಲ್ಲಿ ಆ ಮುದುಕ ಕೈದಿಯಾಗಿ ಕುಳಿತಿದ್ದ.

ಸರಕಾರದ ಪರವಾಗಿ ಮೊಕದ್ದಮೆ ನಡೆಸಿದವನು ಮೇಜರ್ ಹ್ಯಾರಿಯಟ್. ಅವನ ಹುದ್ದೆ ಏನೆಂಬುದನ್ನು ಗಮನಿಸಬೇಕು: ಡೆಪ್ಯುಟಿ ಜಡ್ಜ್ ಅಡ್ವೊಕೇಟ್ ಜನರಲ್. ಆ ಕಾಲದ ಪದ್ಧತಿಯಲ್ಲಿ ಈ ಹುದ್ದೆಯವನು ಪೀಠಕ್ಕೆ ಕಾನೂನಿನ ಸಲಹೆ ಕೊಡಬೇಕಾದವನು. ಸರಕಾರದ ಕಡೆಯಿಂದ ಆಪಾದಿತನ ಮೇಲೆ ವಾದ ಮಾಡಬೇಕಾದವನೂ ಅವನೇ. ತಕ್ಕಡಿ ಹಿಡಿದವನೇ ಒಂದು ತಟ್ಟೆಯ ಮೇಲೆ ಕೈಯಿಟ್ಟು ಒತ್ತಿದ ಹಾಗೆ. ಹ್ಯಾರಿಯಟ್ ಮನಸ್ಸು ಮಾಡಿ ಅನ್ಯಾಯ ಮಾಡಿದನೆಂದು ಹೇಳಬೇಕಾಗಿಲ್ಲ. ಅವನನ್ನು ಕೂರಿಸಿದ ಕುರ್ಚಿಯೇ ವಕ್ರವಾಗಿತ್ತು.

ಆಪಾದನೆಗಳು ನಾಲ್ಕು. ಬ್ರಿಟಿಷ್ ಸರಕಾರದ ಪಿಂಚಣಿದಾರನಾಗಿದ್ದೂ ಸಿಪಾಯಿಗಳ ದಂಗೆಗೆ ಒತ್ತಾಸೆ ಕೊಟ್ಟನು. ಮಗ ಮಿರ್ಜಾ ಮೊಗಲನನ್ನೂ ಇತರರನ್ನೂ ದಂಗೆಗೆ ಪ್ರೇರಿಸಿದನು. ಬ್ರಿಟಿಷ್ ಸರಕಾರದ ಪ್ರಜೆಯಾಗಿದ್ದೂ ತಾನೇ ಹಿಂದೂಸ್ಥಾನದ ಸಾರ್ವಭೌಮನೆಂದು ಸಾರಿಕೊಂಡನು. 1857ರ ಮೇ 16ರಂದು ಕೋಟೆಯೊಳಗೆ 49 ಮಂದಿಯ ಕೊಲೆಗೆ ಕಾರಣನಾದನು. ಇವುಗಳಲ್ಲಿ ಮೂರನೆಯದನ್ನು ಓದಿದವರಿಗೆ ಒಂದು ಸಂದೇಹ ಬಾರದಿರದು. ಬಾದಶಹ ಕಂಪೆನಿಯ ಪ್ರಜೆಯಾದದ್ದು ಯಾವಾಗ? 1765ರಲ್ಲಿ ಬಂಗಾಳದ ದಿವಾನಿಯನ್ನು ಕಂಪೆನಿ ಕೈಯೊಡ್ಡಿ ಪಡೆದದ್ದು ಇದೇ ವಂಶದ ಷಾ ಆಲಮನಿಂದ. ತಿಂಗಳಿಗೆ ಒಂದು ಲಕ್ಷ ರೂಪಾಯಿ ಕೊಟ್ಟ ಮಾತ್ರಕ್ಕೆ ಕೊಟ್ಟವನು ಒಡೆಯನೂ ತೆಗೆದುಕೊಂಡವನು ಪ್ರಜೆಯೂ ಆಗುತ್ತಾರೆಯೇ? ರಾಜದ್ರೋಹದ ಆಪಾದನೆಗೆ ಮೊದಲು ಬೇಕಾದದ್ದು ನಿಷ್ಠೆಯ ಋಣ. ಆ ಋಣ ಯಾರಿಂದ ಯಾರಿಗೆ ಎಂಬುದೇ ಇಲ್ಲಿನ ಮೂಲಪ್ರಶ್ನೆ.

ಪೀಠದ ಮುಂದೆ ಈ ಪ್ರಶ್ನೆಯನ್ನು ಎತ್ತಿ ಹಿಡಿಯಬೇಕಾದವರು ಯಾರು? ಬಾದಶಹನ ಪರವಾಗಿದ್ದವನು ಗುಲಾಮ್ ಅಬ್ಬಾಸ್ ಎಂಬ ಒಬ್ಬ ವಕೀಲ. ಕೈಯಲ್ಲಿದ್ದದ್ದು ಉರ್ದುವಿನಲ್ಲಿ ಬರೆದ ಒಂದು ಹೇಳಿಕೆ. ಸಿಪಾಯಿಗಳು ಬಂದು ತನ್ನನ್ನು ಸುತ್ತುಗಟ್ಟಿದರು, ತಾನು ಅವರ ಸೆರೆಯಾಳಿನಂತಿದ್ದೆ, ತನ್ನ ಮುದ್ರೆಯನ್ನು ಅವರು ಬೇಕಾದ ಕಾಗದಗಳ ಮೇಲೆ ಒತ್ತಿಸಿಕೊಂಡರು ಎಂಬುದು ಅದರ ಸಾರ. ಕಾನೂನಿನ ಪ್ರಶ್ನೆಯನ್ನು ಪೀಠಕ್ಕೆ ಬಿಡಿಸಿ ಹೇಳಬೇಕಾದವನು ಜಡ್ಜ್ ಅಡ್ವೊಕೇಟ್. ಅವನೋ ಎದುರು ಪಕ್ಷದ ವಕೀಲ! ಮಾರ್ಚಿ 9ರಂದು ಹ್ಯಾರಿಯಟ್ ತನ್ನ ಕಡೆಯ ಭಾಷಣ ಮಾಡಿದ. ಅದೇ ದಿನ ಪೀಠವು ಎಲ್ಲ ಆಪಾದನೆಗಳೂ ರುಜುವಾದುವೆಂದು ಹೇಳಿತು. ಶರಣಾಗುವಾಗ ಪ್ರಾಣ ಉಳಿಸುವೆವೆಂದು ಕೊಟ್ಟಿದ್ದ ಮಾತಿಗಾಗಿ ಮರಣದಂಡನೆ ತಪ್ಪಿತು. ಅಕ್ಟೋಬರಿನಲ್ಲಿ ಬಾದಶಹನನ್ನು ದಿಲ್ಲಿಯಿಂದ ಸಾಗಿಸಿದರು. 1862ರ ನವೆಂಬರ್ 7ರಂದು ರಂಗೂನಿನಲ್ಲಿ ಅವನು ತೀರಿಕೊಂಡ.

ಅದೇ ಕೋಟೆ, ಬೇರೆ ಕಾಲ

1945ರ ನವೆಂಬರ್ 5. ಮಹಾಯುದ್ಧ ಮುಗಿದಿತ್ತು. ಅದೇ ಕೆಂಪುಕೋಟೆಯ ಒಂದು ಬ್ಯಾರಕ್ ಕಟ್ಟಡದಲ್ಲಿ ಜನರಲ್ ಕೋರ್ಟ್ ಮಾರ್ಷಲ್ ಸೇರಿತು. ಅಧ್ಯಕ್ಷ ಮೇಜರ್ ಜನರಲ್ ಬ್ಲಾಕ್ಸ್‌ಲಂಡ್. ಅಧ್ಯಕ್ಷನೂ ಸೇರಿ ಏಳು ಸದಸ್ಯರು; ಅವರಲ್ಲಿ ಮೂವರು ಭಾರತೀಯರು. ಆಪಾದಿತರು ಕ್ಯಾಪ್ಟನ್ ಷಾನವಾಜ್ ಖಾನ್, ಕ್ಯಾಪ್ಟನ್ ಪಿ. ಕೆ. ಸೆಹಗಲ್, ಲೆಫ್ಟಿನೆಂಟ್ ಜಿ. ಎಸ್. ಧಿಲ್ಲೋನ್. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಒಬ್ಬ ಸಿಖ್ಖ. ಮೂವರನ್ನೂ ಒಟ್ಟಿಗೆ ನಿಲ್ಲಿಸಿ ಬ್ರಿಟಿಷ್ ಸರಕಾರ ತನಗರಿಯದೆಯೇ ದೇಶದ ಐಕ್ಯದ ಚಿತ್ರವೊಂದನ್ನು ಜನರ ಕಣ್ಣ ಮುಂದೆ ಇಟ್ಟಿತು.

ಈ ಸಲ ಆಪಾದಿತರ ಕಡೆ ವಕೀಲರ ಒಂದು ದಂಡೇ ಇತ್ತು. ಕಾಂಗ್ರೆಸ್ಸು ರಚಿಸಿದ್ದ ರಕ್ಷಣಾ ಸಮಿತಿಯಲ್ಲಿ ಸರ್ ತೇಜ್ ಬಹಾದೂರ್ ಸಪ್ರೂ, ಕೈಲಾಸನಾಥ ಕಾಟ್ಜೂ, ಆಸಫ್ ಆಲಿ ಮೊದಲಾದವರಿದ್ದರು. ಎಷ್ಟೋ ವರ್ಷಗಳ ಹಿಂದೆಯೇ ವಕೀಲಿಯನ್ನು ಬಿಟ್ಟಿದ್ದ ಜವಾಹರಲಾಲ ನೆಹರೂ ಅವರು ಮತ್ತೆ ಬ್ಯಾರಿಸ್ಟರರ ಕಪ್ಪು ನಿಲುವಂಗಿ ತೊಟ್ಟು ಬಂದರು. ವಾದದ ಭಾರವನ್ನೆಲ್ಲ ಹೊತ್ತವರು ಮಾತ್ರ ಮುಂಬಯಿಯ ಭೂಲಾಭಾಯಿ ದೇಸಾಯಿ ಅವರು. ಸರಕಾರದ ಕಡೆ ಅಡ್ವೊಕೇಟ್ ಜನರಲ್ ಸರ್ ನೌಶಿರವಾನ್ ಇಂಜಿನಿಯರ್, ಅವರ ಜೊತೆಗೆ ಸೇನೆಯ ಲೆಫ್ಟಿನೆಂಟ್ ಕರ್ನಲ್ ವಾಲ್ಷ್. ಮೂರನೆಯ ಕುರ್ಚಿಯಲ್ಲಿ, ಯಾರ ಪರವಾಗಿಯೂ ಅಲ್ಲದೆ, ಕುಳಿತವರು ಕರ್ನಲ್ ಕೆರಿನ್: ಜಡ್ಜ್ ಅಡ್ವೊಕೇಟ್.

1858ಕ್ಕೂ 1945ಕ್ಕೂ ನಡುವೆ ಆದ ಮಾರ್ಪಾಡು ಇಷ್ಟೇ: ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದ ಇಬ್ಬರು ಎರಡು ಕುರ್ಚಿಗಳಲ್ಲಿ ಕುಳಿತರು. ವಾದಿಸುವವನು ಬೇರೆ, ಸಲಹೆ ಕೊಡುವವನು ಬೇರೆ. ಸಣ್ಣದಾಗಿ ಕಾಣುವ ಈ ಮಾರ್ಪಾಡಿನಿಂದ ಎಷ್ಟು ವ್ಯತ್ಯಾಸವಾಯಿತೆಂಬುದನ್ನು ವಿಚಾರಣೆಯೇ ತೋರಿಸಿಕೊಟ್ಟಿತು.

ಮುಖ್ಯವಾದ ಆಪಾದನೆ ದೊರೆಯ ವಿರುದ್ಧ ಯುದ್ಧ ಹೂಡಿದ್ದು. ಇಂಡಿಯನ್ ಪೀನಲ್ ಕೋಡಿನ 121ನೆಯ ಸೆಕ್ಷನ್ನಿನ ಅಪರಾಧ. ಸೇನೆಯವರ ಮೇಲೆ ಅದನ್ನು ವಿಚಾರಿಸುವ ಅಧಿಕಾರವನ್ನು ಪೀಠಕ್ಕೆ ಕೊಟ್ಟದ್ದು 1911ರ ಸೇನಾ ಕಾಯ್ದೆ. ಇದಲ್ಲದೆ, 1945ರ ಮಾರ್ಚಿಯಲ್ಲಿ ಬರ್ಮಾದ ಪೋಪಾ ಬೆಟ್ಟದ ಬಳಿ ಫೌಜನ್ನು ಬಿಟ್ಟು ಓಡಹೊರಟ ನಾಲ್ವರು ಸಿಪಾಯಿಗಳನ್ನು ಕೊಲ್ಲಿಸಿದರೆಂದು ಧಿಲ್ಲೋನರ ಮೇಲೆ ಕೊಲೆಯ ಆಪಾದನೆ, ಅದಕ್ಕೆ ಪ್ರೇರಣೆ ಕೊಟ್ಟರೆಂದು ಸೆಹಗಲರ ಮೇಲೆ ಆಪಾದನೆ. ಬೇರೊಬ್ಬ ಸೈನಿಕನ ಕೊಲೆಗೆ ಪ್ರೇರಕರೆಂದು ಷಾನವಾಜರ ಮೇಲೆ ಆಪಾದನೆ.

ಭೂಲಾಭಾಯಿಯವರ ವಾದದ ತಿರುಳು 1858ರಲ್ಲಿ ಯಾರೂ ಎತ್ತದೆ ಬಿಟ್ಟ ಪ್ರಶ್ನೆಯೇ. ನಿಷ್ಠೆಯ ಋಣ ಯಾರಿಗೆ? 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಎರಡು ದಿನಗಳ ಮೇಲೆ ಫ್ಯಾರರ್ ಪಾರ್ಕಿನ ಮೈದಾನದಲ್ಲಿ ಭಾರತೀಯ ಸಿಪಾಯಿಗಳನ್ನು ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಜಪಾನಿ ಮೇಜರ್ ಫುಜಿವಾರನ ವಶಕ್ಕೆ ಒಪ್ಪಿಸಿದರು. ಕೈಬಿಟ್ಟವನಿಗೆ ನಿಷ್ಠೆಯನ್ನು ಕೇಳುವ ಹಕ್ಕು ಎಲ್ಲಿಂದ ಬಂತು? 1943ರ ಅಕ್ಟೋಬರ್ 21ರಂದು ಸುಭಾಷಚಂದ್ರ ಬೋಸರು ಸಿಂಗಪುರದಲ್ಲಿ ಆಜಾದ್ ಹಿಂದ್ ಸರಕಾರವನ್ನು ಸ್ಥಾಪಿಸಿದರು. ಅದನ್ನು ಜಪಾನ್, ಜರ್ಮನಿ, ಇಟಲಿ ಮೊದಲಾದ ದೇಶಗಳು ಮನ್ನಿಸಿದ್ದುವು. ಅದು ವಿಧ್ಯುಕ್ತವಾಗಿ ಯುದ್ಧವನ್ನು ಸಾರಿತ್ತು. ಆದ್ದರಿಂದ ಇದು ದಂಗೆಯಲ್ಲ, ಎರಡು ಸರಕಾರಗಳ ನಡುವಿನ ಯುದ್ಧ; ಯುದ್ಧದಲ್ಲಿ ಮಾಡಿದ್ದಕ್ಕೆ ಸೈನಿಕನನ್ನು ಕೊಲೆಗಾರನೆಂದು ಶಿಕ್ಷಿಸುವುದು ಅಂತರರಾಷ್ಟ್ರೀಯ ಕಾನೂನಿಗೆ ಹೊರತು. ಬಿಡುಗಡೆಗಾಗಿ ಹೋರಾಡುವ ಹಕ್ಕು ಪರಾಧೀನ ಜನರಿಗೂ ಉಂಟು. ಇದನ್ನು ಸ್ಥಾಪಿಸಲು ಜಪಾನಿನ ವಿದೇಶಾಂಗ ಇಲಾಖೆಯವರನ್ನೇ ಸಾಕ್ಷಿಗಳಾಗಿ ಕರೆಸಿದರು. ಎರಡು ದಿನಗಳ ಕಾಲ ಭೂಲಾಭಾಯಿ ಮಾತನಾಡಿದರು. ಆಗಲೇ ಅವರ ಆರೋಗ್ಯ ಕೆಟ್ಟಿತ್ತು. 1946ರ ಮೇ 6ರಂದು ಅವರು ತೀರಿಕೊಂಡರು. ಅವರ ಜೀವನದ ಕಡೆಯ ದೊಡ್ಡ ಮೊಕದ್ದಮೆ ಇದೇ ಆಯಿತು.

ವಾದವಿವಾದಗಳು ಮುಗಿದ ಮೇಲೆ ಜಡ್ಜ್ ಅಡ್ವೊಕೇಟರು ಎರಡು ಕಡೆಯ ವಾದಗಳನ್ನೂ ಸಾಕ್ಷ್ಯವನ್ನೂ ಪೀಠದ ಮುಂದೆ ಸಂಗ್ರಹಿಸಿ ಹೇಳಿದರು. ಡಿಸೆಂಬರ್ 31ರಂದು ವಿಚಾರಣೆ ಮುಗಿಯಿತು. ಸೇನಾನ್ಯಾಯದಲ್ಲಿ ಒಂದು ವಿಶೇಷವಿದೆ: ಕಾಯಂ ಆಗುವವರೆಗೆ ತೀರ್ಪು ತೀರ್ಪಲ್ಲ. ಅದು ಪ್ರಧಾನ ಸೇನಾಪತಿ ಆಕಿನ್‌ಲೆಕ್ಕರ ಬಳಿಗೆ ಹೋಯಿತು. 1946ರ ಜನವರಿ 3ರಂದು ಫಲಿತಾಂಶ ಪ್ರಕಟವಾಯಿತು.

ಯುದ್ಧ ಹೂಡಿದ ಅಪರಾಧದಲ್ಲಿ ಮೂವರೂ ದೋಷಿಗಳೆಂದು ಪೀಠ ಹೇಳಿತ್ತು. ಭೂಲಾಭಾಯಿಯವರ ದೊಡ್ಡ ವಾದವನ್ನು ಅದು ಒಪ್ಪಲಿಲ್ಲ. ಬ್ರಿಟಿಷ್ ದೊರೆಯ ಹೆಸರಿನಲ್ಲಿ ಕುಳಿತ ಪೀಠ ಅದನ್ನು ಒಪ್ಪೀತೆಂದು ಯಾರೂ ನಂಬಿರಲೂ ಇಲ್ಲ. ಆದರೆ ಕೊಲೆಯ ಆಪಾದನೆಗಳನ್ನು ನೋಡಿ. ಧಿಲ್ಲೋನರು ಕೊಲೆಯ ಆಪಾದನೆಯಿಂದ ಬಿಡುಗಡೆ ಹೊಂದಿದರು. ಸೆಹಗಲರು ಪ್ರೇರಣೆಯ ಆಪಾದನೆಯಿಂದ ಬಿಡುಗಡೆ ಹೊಂದಿದರು. ಷಾನವಾಜರೊಬ್ಬರೇ ಪ್ರೇರಣೆಯ ದೋಷಿಯೆನಿಸಿದರು. ಅಂದರೆ, ರಾಜಕೀಯದ ಬಿರುಗಾಳಿ ಬೀಸುತ್ತಿದ್ದ ಆ ದಿನಗಳಲ್ಲೂ ಪೀಠವು ಒಂದೊಂದು ಆಪಾದನೆಯನ್ನೂ ಬಿಡಿಬಿಡಿಯಾಗಿ ತೂಗಿ ನೋಡಿತ್ತು. 1858ರಲ್ಲಿ ನಾಲ್ಕಕ್ಕೆ ನಾಲ್ಕೂ ರುಜುವಾದುವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಕುರ್ಚಿಗಳು ಬೇರೆಯಾದದ್ದರ ಬೆಲೆ ತಿಳಿಯುತ್ತದೆ.

ಯುದ್ಧ ಹೂಡಿದ ಅಪರಾಧಕ್ಕೆ ಕಾನೂನಿನಲ್ಲಿದ್ದ ಶಿಕ್ಷೆ ಎರಡೇ: ಮರಣ, ಇಲ್ಲವೆ ಆಜೀವ ದ್ವೀಪಾಂತರವಾಸ. ಅದಕ್ಕಿಂತ ಕಡಿಮೆ ಮಾಡುವ ಅಧಿಕಾರ ಪೀಠಕ್ಕಿರಲಿಲ್ಲ. ಅದು ದ್ವೀಪಾಂತರವಾಸವನ್ನೂ, ಸೇನೆಯಿಂದ ವಜಾ ಮಾಡುವುದನ್ನೂ, ಬಾಕಿ ಸಂಬಳದ ಮುಟ್ಟುಗೋಲನ್ನೂ ವಿಧಿಸಿತು. ಆಕಿನ್‌ಲೆಕ್ಕರು ದೋಷನಿರ್ಣಯವನ್ನು ಕಾಯಂ ಮಾಡಿದರು, ವಜಾವನ್ನೂ ಮುಟ್ಟುಗೋಲನ್ನೂ ಉಳಿಸಿದರು, ದ್ವೀಪಾಂತರವಾಸವನ್ನು ಮನ್ನಾ ಮಾಡಿದರು. ಮೂವರೂ ಕೋಟೆಯ ಬಾಗಿಲಿನಿಂದ ಹೊರಗೆ ಬಂದರು. ನವೆಂಬರಿನಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಗುಂಡಿನ ಸದ್ದು ಕೇಳಿತ್ತು. ಸೇನೆಯ ಸಿಪಾಯಿಗಳ ಮನಸ್ಸು ಯಾವ ಕಡೆಗೆ ವಾಲುತ್ತಿದೆಯೆಂಬುದು ಪ್ರಧಾನ ಸೇನಾಪತಿಗೆ ಗೊತ್ತಿತ್ತು. ಈ ಮನ್ನಾ ಕಾನೂನಿನ ಫಲವಲ್ಲ, ಕಾಲದ ಫಲ. ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಇದರಲ್ಲೊಂದು ಎಚ್ಚರಿಕೆಯೂ ಇದೆ. ಪೀಠ ಕೊಟ್ಟ ಶಿಕ್ಷೆಯನ್ನು ಒಬ್ಬ ಸೇನಾಪತಿ ಒಂದು ಸಹಿಯಿಂದ ತೆಗೆದುಹಾಕಬಲ್ಲನೆಂದರೆ, ಅದೇ ಸಹಿಯಿಂದ ಅನ್ಯಾಯವನ್ನು ಕಾಯಂ ಮಾಡಲೂ ಬಲ್ಲನು. ಅಂದು ಸಹಿ ನಮಗೆ ಪ್ರಿಯವಾಯಿತು. ಎಂದೆಂದೂ ಹಾಗೆಯೇ ಆದೀತೆಂಬ ಭರವಸೆ ಏನು?

ಗಣರಾಜ್ಯದ ಸೇನೆಯಲ್ಲಿ

ಸ್ವತಂತ್ರ ಭಾರತಕ್ಕೆ ಹೊಸ ಸೇನಾ ಕಾಯ್ದೆ ಬಂದದ್ದು 1950ರಲ್ಲಿ. ಅದರ ನಿಯಮಗಳು 1954ರಲ್ಲಿ. ಚೌಕಟ್ಟು ಬಹಳಮಟ್ಟಿಗೆ ಹಳೆಯದೇ. ಜನರಲ್ ಕೋರ್ಟ್ ಮಾರ್ಷಲ್ಲಿನಲ್ಲಿ ಕನಿಷ್ಠ ಐವರು ಅಧಿಕಾರಿಗಳು. ಪ್ರತಿಯೊಬ್ಬನಿಗೂ ಕನಿಷ್ಠ ಮೂರು ವರ್ಷಗಳ ಕಮಿಷನ್. ಮರಣದಂಡನೆಗೆ ಮೂರರಲ್ಲಿ ಎರಡು ಪಾಲು ಸದಸ್ಯರ ಒಮ್ಮತ ಬೇಕು. ಅಂಥ ಪೀಠದಲ್ಲಿ ಜಡ್ಜ್ ಅಡ್ವೊಕೇಟ್ ಇರಲೇಬೇಕು. ಬಾಗಿಲು ಮುಚ್ಚಿ ಸದಸ್ಯರು ತೀರ್ಪನ್ನು ಆಲೋಚಿಸುವಾಗಲೂ ಅವನು ಅಲ್ಲಿ ಕುಳಿತಿರುತ್ತಾನೆ. ಮತ ಮಾತ್ರ ಕೊಡುವಂತಿಲ್ಲ. ಮತ ಕೇಳುವಾಗ ಕಿರಿಯ ಅಧಿಕಾರಿಯಿಂದ ಆರಂಭಿಸಬೇಕೆಂಬ ನಿಯಮವೂ ಉಂಟು. ಹಿರಿಯನು ಮೊದಲು ಬಾಯಿಬಿಟ್ಟರೆ ಕಿರಿಯನು ಬೇರೆ ಮಾತಾಡುವ ಧೈರ್ಯ ಮಾಡಲಾರನಷ್ಟೆ. ಮನುಷ್ಯಸ್ವಭಾವವನ್ನು ಬಲ್ಲವರೇ ಈ ನಿಯಮವನ್ನು ಮಾಡಿರಬೇಕು.

ಜಡ್ಜ್ ಅಡ್ವೊಕೇಟನ ಕರ್ತವ್ಯಗಳನ್ನು ಹೇಳುವ ನಿಯಮವನ್ನು ಓದಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಕಾನೂನಿನ ಪ್ರಶ್ನೆ ಬಂದಾಗ ಅಭಿಪ್ರಾಯ ಕೊಡಬೇಕು. ನಡೆವಳಿಕೆಯಲ್ಲಿ ತಪ್ಪು ಕಂಡರೆ ಯಾರೂ ಕೇಳದಿದ್ದರೂ ಎತ್ತಿ ಹೇಳಬೇಕು. ಕಡೆಯಲ್ಲಿ ಸಾಕ್ಷ್ಯವನ್ನು ಸಂಗ್ರಹಿಸಿ ಹೇಳಬೇಕು. ಆಪಾದಿತನು ತನ್ನ ಸ್ಥಿತಿಯ ದೆಸೆಯಿಂದಾಗಲಿ, ಅಜ್ಞಾನದಿಂದಾಗಲಿ, ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ಬಾರದೆ ಇರುವುದರಿಂದಾಗಲಿ ನಷ್ಟಪಡದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಪಕ್ಷಕ್ಕೂ ವಾಲದೆ ಇರಬೇಕು. ಹ್ಯಾರಿಯಟನ ಕಾಲದಿಂದ ಎಷ್ಟು ದೂರ ಬಂದೆವು!

ಈ ಕೆಲಸಕ್ಕಾಗಿ ಸೇನೆಯಲ್ಲಿ ಒಂದು ಇಲಾಖೆಯೇ ಇದೆ. ಕಾನೂನಿನ ಪದವಿ ಪಡೆದವರನ್ನು ಆರಿಸಿ, ಸಿಪಾಯಿಯ ತರಬೇತಿ ಕೊಟ್ಟು, ಅಧಿಕಾರಿಗಳನ್ನಾಗಿ ಮಾಡುತ್ತಾರೆ. ಹೆಂಗಸರಿಗೆ ಸೇನೆಯಲ್ಲಿ ಕಾಯಂ ಕಮಿಷನ್ ಕೊಡಲು 2008ರಲ್ಲಿ ಮೊದಲು ತೆರೆದ ಶಾಖೆಗಳಲ್ಲಿ ಇದೂ ಒಂದು. ಕೋರ್ಟ್ ಮಾರ್ಷಲ್ ಕರೆಯುವ ಮೊದಲು ಸೇನಾಪತಿಗೆ ಸಲಹೆ ಕೊಡುವವರು ಇವರೇ. ಪೀಠದಲ್ಲಿ ಕೂರುವವರೂ ಇವರೇ. ಮುಗಿದ ಮೇಲೆ ಕಡತವನ್ನು ಪರಿಶೀಲಿಸಿ, ಕಾಯಂ ಮಾಡಬಹುದೆ ಬಾರದೆ ಎಂದು ಹೇಳುವವರೂ ಇವರೇ. ಮೂರು ಹಂತಗಳಲ್ಲಿ ಮೂವರು ಬೇರೆ ಬೇರೆ ಅಧಿಕಾರಿಗಳಿರಬಹುದು. ಆದರೆ ಮನೆ ಒಂದೇ.

ಇಲ್ಲಿಯೇ ತೊಡಕು. ನಿಯಮ ಹೇಳುತ್ತದೆ: ವಾಲಬೇಡ. ಆದರೆ ಹೆಗಲ ಮೇಲಿನ ನಕ್ಷತ್ರ ಹೇಳುತ್ತದೆ: ನಿನ್ನ ಮೇಲೊಬ್ಬನಿದ್ದಾನೆ. ಒಂದು ಪ್ರಕರಣದಲ್ಲಿ ಆಪಾದಿತ ಮೇಜರ್ ದರ್ಜೆಯವನು. ಜಡ್ಜ್ ಅಡ್ವೊಕೇಟನಾಗಿ ಕುಳಿತವನು ಕ್ಯಾಪ್ಟನ್. 2000ದಲ್ಲಿ ಸುಪ್ರೀಮ್ ಕೋರ್ಟು, ಆಪಾದಿತನಿಗಿಂತ ಕೆಳದರ್ಜೆಯ ಅಧಿಕಾರಿ ಆ ಕುರ್ಚಿಯಲ್ಲಿ ಕೂರುವುದು ಸಲ್ಲದೆಂದು ಹೇಳಿ ಆ ನಡೆವಳಿಕೆಯನ್ನು ನಿಲ್ಲಗೊಡಲಿಲ್ಲ. ಮತವಿಲ್ಲದವನ ದರ್ಜೆಯಿಂದ ಏನು ಕೆಟ್ಟೀತು ಎಂದು ಕೇಳಬಹುದು. ಮತವಿಲ್ಲದಿದ್ದರೂ ಮಾತಿದೆಯಲ್ಲ! ಕಾನೂನು ಕಲಿಯದ ಐವರು ಸೈನಿಕರು ಕುಳಿತಿರುವಾಗ ಕಾನೂನು ಬಲ್ಲ ಒಬ್ಬನ ಮಾತಿನ ತೂಕ ಐದು ಮತಗಳಿಗಿಂತ ಹೆಚ್ಚಾದರೂ ಆದೀತು.

ಒಂದು ತುತ್ತಿನ ಮೊಕದ್ದಮೆ

ಈ ಕುರ್ಚಿಯೇ ಇಲ್ಲದ ಒಂದು ನ್ಯಾಯಪೀಠವೂ ನಮ್ಮ ಸೇನೆಯಲ್ಲಿದೆ. ಅದರ ಹೆಸರು ಸಮ್ಮರಿ ಕೋರ್ಟ್ ಮಾರ್ಷಲ್. ಬ್ರಿಟಿಷರ ಕಾಲದಿಂದ ಉಳಿದು ಬಂದದ್ದು. ಅಲ್ಲಿ ದಳದ ಕಮಾಂಡಿಂಗ್ ಆಫೀಸರನೊಬ್ಬನೇ ಪೀಠ. ಇನ್ನಿಬ್ಬರು ಹಾಜರಿರುತ್ತಾರೆ, ಆದರೆ ಅವರು ಸದಸ್ಯರಲ್ಲ. ಆಪಾದಿತನಿಗೆ ಒಬ್ಬ ಮಿತ್ರನ ನೆರವುಂಟು. ಆ ಮಿತ್ರ ಕಿವಿಯಲ್ಲಿ ಹೇಳಿಕೊಡಬಹುದೇ ಹೊರತು ಎದ್ದು ವಾದಿಸುವಂತಿಲ್ಲ. ಒಂದು ವರ್ಷದವರೆಗೆ ಸೆರೆ, ನೌಕರಿಯಿಂದ ವಜಾ - ಇವನ್ನೆಲ್ಲ ಆ ಒಬ್ಬನೇ ವಿಧಿಸಬಲ್ಲ.

1985ರ ಮೇ ತಿಂಗಳಲ್ಲಿ ಇಂಥದೊಂದು ವಿಚಾರಣೆ ನಡೆಯಿತು. ಆಪಾದಿತ ಒಬ್ಬ ಸಿಗ್ನಲ್‌ಮನ್. ತನ್ನ ಕಮಾಂಡಿಂಗ್ ಆಫೀಸರನ ಮೇಲೆ ಅವನು ಮೇಲಿನವರಿಗೆ ನೇರವಾಗಿ ದೂರು ಕಳಿಸಿದ್ದ. ಅದಕ್ಕಾಗಿ ಆಗಲೇ 28 ದಿನಗಳ ಸೆರೆಯಲ್ಲಿದ್ದ. ಸೆರೆಯಲ್ಲಿ ಅವನು ಮಾಡಿದನೆನ್ನಲಾದ ಹೊಸ ಅಪರಾಧವೇನು ಗೊತ್ತೆ? ಊಟ ಮಾಡೆಂದು ಆಜ್ಞೆಯಾದಾಗ ಊಟ ಮಾಡಲಿಲ್ಲ. ಮರುದಿನವೇ ವಿಚಾರಣೆ. ಪೀಠದಲ್ಲಿ ಕುಳಿತವನು ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ. ಶಿಕ್ಷೆ ಒಂದು ವರ್ಷದ ಕಠಿಣ ಸೆರೆ, ನೌಕರಿಯಿಂದ ವಜಾ. ಒಂದು ತುತ್ತು ಅನ್ನವನ್ನು ಬೇಡವೆಂದದ್ದಕ್ಕೆ ಜೀವನದ ಅನ್ನವೇ ಹೋಯಿತು.

1987ರಲ್ಲಿ ಸುಪ್ರೀಮ್ ಕೋರ್ಟು ಈ ತೀರ್ಪನ್ನು ತೊಡೆದುಹಾಕಿತು. ಆ ಪೀಠದ ತೀರ್ಪನ್ನು ಬರೆದವರು, ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ದಿಲ್ಲಿಗೆ ಹೋದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳೂ ಆದ ಎಂ. ಎನ್. ವೆಂಕಟಾಚಲಯ್ಯನವರು. ಎರಡು ತತ್ತ್ವಗಳನ್ನು ಅವರು ಅಲ್ಲಿ ಸ್ಪಷ್ಟಪಡಿಸಿದರು. ನ್ಯಾಯಾಧೀಶನು ಪಕ್ಷಪಾತಿಯೇ ಅಲ್ಲವೇ ಎಂಬುದನ್ನು ಅವನ ಮನಸ್ಸಿನ ಒಳಗಿನಿಂದ ಅಲ್ಲ, ಎದುರಿಗೆ ನಿಂತ ಆಪಾದಿತನ ಮನಸ್ಸಿನ ಕಡೆಯಿಂದ ನೋಡಬೇಕು. ನನಗೆ ಇಲ್ಲಿ ನ್ಯಾಯ ಸಿಕ್ಕಲಾರದೆಂದು ಅವನು ಶಂಕಿಸಲು ಯುಕ್ತವಾದ ಕಾರಣವಿದ್ದರೆ ಸಾಕು. ಎರಡನೆಯದು, ಶಿಕ್ಷೆ ಅಪರಾಧಕ್ಕೆ ತಕ್ಕಷ್ಟಿರಬೇಕು. ಮನಸ್ಸಾಕ್ಷಿಯನ್ನು ಬೆಚ್ಚಿಬೀಳಿಸುವಷ್ಟು ಮೀರಿದರೆ ನ್ಯಾಯಾಲಯ ಕೈಕಟ್ಟಿ ಕೂರಲಾರದು. ಇವತ್ತಿಗೂ ಸಿವಿಲ್ ನೌಕರರು ಸಹ ತಮ್ಮ ಮೊಕದ್ದಮೆಗಳಲ್ಲಿ ಈ ತೀರ್ಪನ್ನು ಉದ್ಧರಿಸುತ್ತಾರೆ. ಊಟ ಬಿಟ್ಟ ಒಬ್ಬ ಸಿಪಾಯಿಯಿಂದ ದೇಶದ ನೌಕರವರ್ಗಕ್ಕೆಲ್ಲ ಉಪಕಾರವಾಯಿತು.

ಅಪೀಲಿನ ದಾರಿ

ಈ ಸಿಗ್ನಲ್‌ಮನ್ ಸುಪ್ರೀಮ್ ಕೋರ್ಟಿನವರೆಗೆ ಹೋದದ್ದು ಅಪೀಲಿನ ಮೇಲೆ ಅಲ್ಲ. ಅಪೀಲೆಂಬುದೇ ಆಗ ಇರಲಿಲ್ಲ. ಮೂಲಭೂತ ಹಕ್ಕುಗಳನ್ನು ಸೇನೆಯವರ ಮಟ್ಟಿಗೆ ಮೊಟಕು ಮಾಡುವ ಅಧಿಕಾರವನ್ನು ಸಂವಿಧಾನದ 33ನೆಯ ಅನುಚ್ಛೇದ ಪಾರ್ಲಿಮೆಂಟಿಗೆ ಕೊಟ್ಟಿದೆ. 136ನೆಯ ಅನುಚ್ಛೇದದ ವಿಶೇಷ ಅನುಮತಿಯ ಬಾಗಿಲು ಸೇನಾ ನ್ಯಾಯಪೀಠಗಳ ತೀರ್ಪುಗಳಿಗೆ ಮುಚ್ಚಿದೆ. ಮೇಲಧಿಕಾರಿಗಳಿಗೂ ಸರಕಾರಕ್ಕೂ ಅರ್ಜಿ ಕೊಡಬಹುದಿತ್ತು. ಅದು ಬಿಟ್ಟರೆ ಉಳಿದದ್ದು ರಿಟ್ ಅರ್ಜಿ ಮಾತ್ರ. ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವವರು ಯಾರೂ ಇರಲಿಲ್ಲ. ಪೇಟೆಯಲ್ಲಿ ಸೈಕಲ್ ಕದ್ದವನಿಗೂ ಒಂದು ಅಪೀಲು ಉಂಟು. ಗಡಿ ಕಾಯುವವನಿಗೆ ಮರಣದಂಡನೆಯಾದರೂ ಅಪೀಲಿಲ್ಲ. 1982ರಲ್ಲಿ ಇನ್ನೊಂದು ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಈ ಕೊರತೆಯನ್ನು ಎತ್ತಿ ತೋರಿಸಿ, ಅದನ್ನು ನೀಗಬೇಕೆಂದು ಕಟುವಾಗಿಯೇ ಹೇಳಿತ್ತು. ಪಾರ್ಲಿಮೆಂಟು ಕಾಯ್ದೆ ಮಾಡಿದ್ದು 2007ರಲ್ಲಿ, ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ಲು ಕೆಲಸ ಆರಂಭಿಸಿದ್ದು 2009ರಲ್ಲಿ. ಅಲ್ಲಿ ನ್ಯಾಯಮೂರ್ತಿಯಾಗಿದ್ದವರೂ ಸೇನೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದವರೂ ಜೊತೆಗೆ ಕೂತು ಕೋರ್ಟ್ ಮಾರ್ಷಲ್ಲಿನ ಮೇಲಿನ ಅಪೀಲು ಕೇಳುತ್ತಾರೆ.

ಯಾವ ದೇಶದಿಂದ ನಾವು ಈ ಪದ್ಧತಿಯನ್ನು ಪಡೆದೆವೋ ಆ ಇಂಗ್ಲೆಂಡು 1951ರಲ್ಲೇ ಕೋರ್ಟ್ ಮಾರ್ಷಲ್ಲಿನ ಮೇಲೆ ಅಪೀಲಿನ ನ್ಯಾಯಾಲಯವನ್ನು ಸ್ಥಾಪಿಸಿತ್ತು. ಅಲ್ಲಿನ ಜಡ್ಜ್ ಅಡ್ವೊಕೇಟ್ ಇಂದು ಸಮವಸ್ತ್ರದವನಲ್ಲ, ಸಿವಿಲ್ ನ್ಯಾಯಾಧೀಶ. ಪೀಠವನ್ನು ಕರೆಯುವ ಸೇನಾಪತಿಯೇ ಸದಸ್ಯರನ್ನು ಆರಿಸಿ ತೀರ್ಪನ್ನೂ ಕಾಯಂ ಮಾಡುವುದು ಸರಿಯಲ್ಲವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1997ರಲ್ಲಿ ಹೇಳಿತು. ಅಷ್ಟರೊಳಗೆ ಬ್ರಿಟನ್ನು ತನ್ನ ಕಾನೂನನ್ನು ತಿದ್ದಲು ತೊಡಗಿತ್ತು. ಅಮೆರಿಕ 1968ರ ಕಾಯ್ದೆಯಿಂದ ಕೋರ್ಟ್ ಮಾರ್ಷಲ್ಲಿಗೆ ಸೇನಾ ನ್ಯಾಯಾಧೀಶನನ್ನೇ ತಂದಿತು. ಕಲಿಸಿದ ಗುರು ಹಳೆಯ ಪಾಠವನ್ನು ತಿದ್ದಿಕೊಂಡ ಮೇಲೂ ಶಿಷ್ಯನು ಹಳೆಯ ಪುಸ್ತಕವನ್ನೇ ಉರುಹೊಡೆಯಬೇಕೆ?

ಶಿಸ್ತು ಸಡಿಲವಾದೀತೆಂದು ಹೆದರುವವರಿದ್ದಾರೆ. ಅವರ ಹೆದರಿಕೆಯನ್ನು ತಳ್ಳಿಹಾಕಲಾಗದು. ಯುದ್ಧಭೂಮಿಯಲ್ಲಿ ವಾಯಿದೆ ಕೇಳುತ್ತ ಕೂರಲಾಗುವುದಿಲ್ಲ. ಆದರೆ ಶಿಸ್ತು ನಿಲ್ಲುವುದು ಹೆದರಿಕೆಯ ಮೇಲೆ ಮಾತ್ರವಲ್ಲ. ತಪ್ಪು ಮಾಡದಿದ್ದರೆ ತನಗೆ ಶಿಕ್ಷೆಯಾಗದೆಂಬ ನಂಬಿಕೆ ಸಿಪಾಯಿಗೆ ಇರಬೇಕು. ಆಜ್ಞೆ ಕೊಟ್ಟ ಕೂಡಲೇ ಪ್ರಾಣ ಕೊಡಲು ಸಿದ್ಧನಾದವನಿಗೆ ದೇಶ ಕೊಡಬಹುದಾದ ಅತಿ ಸಣ್ಣ ಪ್ರತಿಫಲ ಅದು.

ಕೆಂಪುಕೋಟೆಯನ್ನು ಮುಂದೆ ನೋಡಲು ಹೋಗುವವರು ದಿವಾನ್-ಇ-ಖಾಸಿನಲ್ಲಿ ಒಂದು ಗಳಿಗೆ ನಿಲ್ಲಲಿ. ಸಿಂಹಾಸನವಿದ್ದ ಜಾಗವನ್ನು ಎಲ್ಲರೂ ತೋರಿಸುತ್ತಾರೆ. ಹ್ಯಾರಿಯಟನ ಕುರ್ಚಿ ಎಲ್ಲಿತ್ತೆಂದು ತೋರಿಸುವವರಿಲ್ಲ. ಆದರೆ ಆ ಕುರ್ಚಿ ನೆಟ್ಟಗೆ ನಿಂತಿತ್ತೇ, ಒಂದು ಕಡೆಗೆ ವಾಲಿತ್ತೇ ಎಂಬುದನ್ನು ಅವೊತ್ತು ಚೆನ್ನಾಗಿ ಬಲ್ಲವನು ಒಬ್ಬನೇ - ಅದರ ಎದುರಿಗೆ ಕುಳಿತು ತೂಕಡಿಸುತ್ತಿದ್ದ ಆ ಮುದುಕ.